ಓದುಗನಿಗೂ ಪತ್ರಿಕೆಗೂ ನಡುವೆ

ಪತ್ರಿಕಾಸ್ವಾತಂತ್ರ್ಯವೆಂದೊಡನೆ ನಾವು ನೆನೆಯುವುದು ಲೇಖಕನನ್ನು, ಸಂಪಾದಕನನ್ನು, ಸರಕಾರವನ್ನು. ಅಚ್ಚಾದ ಕಟ್ಟುಗಳನ್ನು ರಾತ್ರೋರಾತ್ರಿ ಊರೂರಿಗೆ ಮುಟ್ಟಿಸುವ ಸಗಟು ವಿತರಕನು ಯಾರ ಭಾಷಣದಲ್ಲಿಯೂ ಸುಳಿಯುವುದಿಲ್ಲ. ಅಂಗಡಿಗೇ ಬಾರದ ಪತ್ರಿಕೆಯನ್ನು ಯಾವ ಸರಕಾರವೂ ನಿಷೇಧಿಸಬೇಕಾಗಿಲ್ಲವಷ್ಟೆ.

ಫ್ರಾನ್ಸ್ ದೇಶ ಇದನ್ನು ಬೇಗನೆ ಮನಗಂಡಿತು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲ್ವೆ ನಿಲ್ದಾಣಗಳ ಪುಸ್ತಕದಂಗಡಿಗಳನ್ನು ಹಿಡಿದ ಆಶೆಟ್ ಸಂಸ್ಥೆಯು ಎರಡನೆಯ ಮಹಾಯುದ್ಧದ ಹೊತ್ತಿಗೆ ಪತ್ರಿಕಾ ವಿತರಣೆಯ ಬಹುಭಾಗವನ್ನು ತನ್ನ ಕೈಯಲ್ಲಿರಿಸಿಕೊಂಡಿತ್ತು. ಯುದ್ಧಾನಂತರ, 1947ರ ಏಪ್ರಿಲ್ 2ರಂದು, ಬಿಶೆ ಕಾನೂನು ಬಂದಿತು. ಪ್ರಕಾಶಕನು ತನ್ನ ಪತ್ರಿಕೆಯನ್ನು ತಾನೇ ಹಂಚಬಹುದು. ಇತರರೊಡನೆ ಕೂಡಿ ಹಂಚುವುದಾದರೆ ಸಹಕಾರ ಸಂಘವಾಗಿಯೇ ಕೂಡಬೇಕು. ಸಂಘದಲ್ಲಿ ಲಕ್ಷ ಪ್ರತಿಯವನಿಗೂ ಸಾವಿರ ಪ್ರತಿಯವನಿಗೂ ಒಂದೇ ಮತ. ಸೇರಬಯಸಿದ ಪತ್ರಿಕೆಯನ್ನು ಅಭಿಪ್ರಾಯ ರುಚಿಸದೆಂದು ಹೊರಗಿಡುವಂತಿಲ್ಲ. ದೊಡ್ಡ ಮಾತು! ಆದರೆ ಅದೇ ವರ್ಷ ಹುಟ್ಟಿದ ಹೊಸ ವಿತರಣಾ ಸಂಸ್ಥೆಯಲ್ಲಿ ನೂರಕ್ಕೆ 49 ಪಾಲು ಆಶೆಟ್‌ನದೇ. ಮುಂಬಾಗಿಲಿನಿಂದ ಹೊರಟವನು ಹಿತ್ತಿಲಿನಿಂದ ಒಳಬಂದಂತಾಯಿತು.

ಏಕಸ್ವಾಮ್ಯಕ್ಕೆ ಸ್ಪರ್ಧೆಯೇ ಮದ್ದೆಂಬುವರು ಮುಂದಿನ ಕಥೆಯನ್ನು ಗಮನಿಸಬೇಕು. ಲಿಯೋನ್ ನಗರದ ಮತ್ತೊಂದು ವಿತರಣಾ ಸಂಸ್ಥೆ ನಿಯತಕಾಲಿಕಗಳಿಗಾಗಿ ಪೈಪೋಟಿಗಿಳಿಯಿತು. ದಿನಪತ್ರಿಕೆಗಳನ್ನು ನಿತ್ಯವೂ ಹೊತ್ತು ಸಾಗಿಸುವ ಭಾರ ಮಾತ್ರ ಹಳೆಯದರ ಹೆಗಲಿನಲ್ಲಿಯೇ ಉಳಿಯಿತು. ಓದುಗರೂ ಕಡಿಮೆಯಾದರು. 2009ರಲ್ಲಿ ಪ್ರೆಸ್ತಾಲಿಸ್ ಎಂಬ ಹೆಸರು ತಳೆದ ಆ ಸಂಸ್ಥೆ 2020ರಲ್ಲಿ ದಿವಾಳಿಯೆದ್ದು ನ್ಯಾಯಾಲಯದ ಬಾಗಿಲು ತಟ್ಟಿತು. ಮಾರಾಟವಾದ ಪ್ರತಿಗಳ ಹಣವೇ ಪ್ರಕಾಶಕರಿಗೆ ಬಾರದೆ ನಿಂತಿತು. ದೊಡ್ಡವರು ತಡೆದುಕೊಂಡಾರು, ಒಂದು ಸಂಚಿಕೆಯ ಹಣದಿಂದ ಮುಂದಿನ ಸಂಚಿಕೆಯ ಕಾಗದ ಕೊಳ್ಳುವವರ ಪಾಡೇನು?

ಇದಕ್ಕೆ ತುಸು ಮೊದಲು, 2019ರ ಅಕ್ಟೋಬರಿನಲ್ಲಿ, ಕಾನೂನನ್ನೇ ತಿದ್ದಲಾಯಿತು. ರಾಜಕೀಯ ಮತ್ತು ಸಾಮಾನ್ಯ ಸುದ್ದಿಯ ಪತ್ರಿಕೆಗಳಿಗೆ ಅಂಗಡಿಯಲ್ಲಿ ಸ್ಥಾನ ಪಡೆಯುವ ಹಕ್ಕು ಹಾಗೆಯೇ ಉಳಿಯಿತು. ಮಿಕ್ಕವುಗಳಿಗೆ ಒಪ್ಪಂದ, ಮಾತುಕತೆ. ಕೇಳದ ಪತ್ರಿಕೆಗಳ ರಾಶಿಯಲ್ಲಿ ಹೂತುಹೋಗುತ್ತಿದ್ದ ಅಂಗಡಿಯವನ ಅಳಲಿನಲ್ಲಿ ನ್ಯಾಯವಿತ್ತು, ಒಪ್ಪೋಣ. ಆದರೆ ಕವಿತೆಗೆ ಮೀಸಲಾದ ತ್ರೈಮಾಸಿಕವೊಂದು ಯಾವ ಬಲದಿಂದ ಆ ಮಾತುಕತೆಗೆ ಹೋಗಬೇಕು? ಸುದ್ದಿಗೆ ದೊರೆತ ರಕ್ಷಣೆ ಸಾಹಿತ್ಯಕ್ಕೇಕೆ ಬೇಡ?

ನಮ್ಮಲ್ಲಂತೂ ಅಂಥ ಹಕ್ಕು ಎಂದೂ ಇರಲಿಲ್ಲ. ಗಳಗನಾಥರು ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿದುದನ್ನು ತರಗತಿಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದರಲ್ಲಿ ನಾಚಿಕೆಪಡಬೇಕಾದುದೂ ಇದೆಯೆಂಬುದನ್ನು ಹೇಳುವುದಿಲ್ಲ. ಕನ್ನಡದ ಸಣ್ಣ ಸಾಹಿತ್ಯಪತ್ರಿಕೆಯ ಸಂಪಾದಕನು ಇಂದಿಗೂ ಸಂಜೆಯ ಹೊತ್ತು ಮನೆಯ ಜಗಲಿಯಲ್ಲಿ ಕುಳಿತು, ಚಂದಾದಾರರ ವಿಳಾಸಗಳನ್ನು ತಾನೇ ಬರೆಯುತ್ತಿದ್ದಾನೆ.