ಮೊದಲು ಆಕಾಶ, ಆಮೇಲೆ ಮೋಟಾರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಾವು ಮೂವರು ಬಿ.ಇ. ಗೆಳೆಯರು ದುಡ್ಡು ಒಟ್ಟುಹಾಕಿ 130 ಮಿ.ಮೀ. ಕನ್ನಡಿಯ ಕಂಪ್ಯೂಟರ್ ಚಾಲಿತ ಟೆಲಿಸ್ಕೋಪ್ ಕೊಂಡೆವು. ನನ್ನ ಪಾಲಿನಲ್ಲಿ ಅಮ್ಮನ ಬೀಡಿ ಬೋನಸ್ಸೂ ಇತ್ತು. ಬಟನ್ ಒತ್ತಿದರೆ ಸಾಕು, ಗ್ರಹ ಕಾಣುತ್ತದೆ ಎಂದುಕೊಂಡಿದ್ದೆವು. ಆದರೆ ಯಂತ್ರವೇ ನಮ್ಮನ್ನು ಕೇಳಿತು: ಮೊದಲು ಎರಡು ನಕ್ಷತ್ರ ತೋರಿಸಿ!

ಬೆಳ್ತಂಗಡಿಯ ಗೆಳೆಯನ ಅಂಗಳದಲ್ಲಿ ರೋಹಿಣಿ ಎಂದು ಆರ್ದ್ರಾ ನಕ್ಷತ್ರವನ್ನು ತೋರಿಸಿದೆವು. ಮೂರು ಸಲವೂ ‘ಫೇಲ್’. ನೋಡುತ್ತಿದ್ದ ಅವನ ಅಜ್ಜಿ ನಕ್ಕು, ಕೃತ್ತಿಕೆಯ ಗೊಂಚಲಿನತ್ತ ಬೆರಳು ಮಾಡಿ, “ಅದರ ಹಿಂದೆ ಬರುವ ಕೆಂಪಿನದ್ದು ರೋಹಿಣಿ ಮಕ್ಕಳೇ” ಎಂದರು. ಸ್ವಲ್ಪ ಹೊತ್ತಿಗೆ ಗುರುವಿನ ನಾಲ್ಕು ಚಂದ್ರರು ಕಂಡರು.

ಯಂತ್ರ ಕೆಟ್ಟದ್ದಲ್ಲ. ಗ್ರಹ ಸರಿದಂತೆ ತಾನೂ ಸರಿಯುತ್ತದೆ. ಹತ್ತು ಜನ ಸಾಲಾಗಿ ನೋಡುವಾಗ ಅನುಕೂಲವೇ. ಆದರೆ ಬೆಳಕು ಹಿಡಿಯುವುದು ಮೋಟಾರಲ್ಲ, ಕನ್ನಡಿ. 200 ಮಿ.ಮೀ. ಕನ್ನಡಿ ನಮ್ಮದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು ಸೇರಿಸುತ್ತದೆ. ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್ ಕೊಂಡರೆ ಮೋಟಾರಿನ ದುಡ್ಡು ಕನ್ನಡಿಗೆ ಉಳಿಯುತ್ತದೆ. ಇನ್ನು ಮಳೆಗಾಲದ ನಾಲ್ಕು ತಿಂಗಳು ನಮ್ಮೂರಲ್ಲಿ ಕನ್ನಡಿಗೆ ಬೂಸ್ಟು ಹಿಡಿಯದಂತೆ ಕಾಯುವುದೇ ಕೆಲಸ.

ಹಾಗಾಗಿ ಕೊಳ್ಳುವ ಮುನ್ನ ಒಂದು ಚಳಿಗಾಲ ಬರಿಗಣ್ಣಲ್ಲೇ ಆಕಾಶ ಕಲಿಯೋಣ. ಮನೆಯವರ ದುಡಿಮೆಗೆ ಅಷ್ಟಾದರೂ ಮರ್ಯಾದೆ ಕೊಡಬೇಡವೇ?