ಸ್ಕ್ಯಾನಿನ ರೇಟು ಗೊತ್ತು, ಡೋಸು?

2021ರ ಮೇ ತಿಂಗಳು ನೆನಪಿದೆಯಾ ಸ್ವಾಮಿ? ಬೆಳಿಗ್ಗೆ ಹತ್ತಕ್ಕೇ ಅಂಗಡಿ ಬಾಗಿಲು ಹಾಕಿಸುತ್ತಿದ್ದರು. ಸ್ಕ್ಯಾನಿಂಗ್ ಸೆಂಟರುಗಳ ಮುಂದೆ ಮಾತ್ರ ಕ್ಯೂ. ಕೆಮ್ಮು ಬಂದರೆ ಸಾಕು, ಎದೆಗೊಂದು ಸಿ.ಟಿ.

ಆಗ ದೆಹಲಿ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಒಂದು ಮಾತು ಹೇಳಿದರು: ಒಂದು ಸಿ.ಟಿ. ಅಂದರೆ 300–400 ಎಕ್ಸ್‌ರೇಗೆ ಸಮ. ರೇಡಿಯಾಲಜಿ ಡಾಕ್ಟರುಗಳ ಸಂಘ ಸಿಟ್ಟಿಗೆದ್ದಿತು. ಅದು ಹಳೇ ಕಾಲದ ಲೆಕ್ಕ, ಈಗಿನ ಮಿಷಿನ್ನಿನಲ್ಲಿ 5–10 ಎಕ್ಸ್‌ರೇಯಷ್ಟೇ ಅಂದಿತು.

ಯಾರ ಮಾತು ನಿಜ? ತಮಾಷೆ ಅಂದರೆ ಎರಡೂ ಪೂರ್ತಿ ಸುಳ್ಳಲ್ಲ. ಎದೆಯ ಎಕ್ಸ್‌ರೇ ಒಂದಕ್ಕೆ ಸುಮಾರು 0.02 ಮಿಲಿಸೀವರ್ಟ್ ವಿಕಿರಣ. ಮಾಮೂಲಿ ಸೆಟ್ಟಿಂಗಿನ ಸಿ.ಟಿ.ಗೆ 6–7. ಭಾಗಿಸಿ ನೋಡಿ. ಅದೇ ಸಿ.ಟಿ.ಯನ್ನು ಒಂದೂವರೆಗೆ ಇಳಿಸಬಹುದು, ಒಳ್ಳೆ ಮಿಷಿನ್ನಾದರೆ ಒಂದಕ್ಕೂ ಕೆಳಗೆ. ಹಾಗಾದರೆ ನಮ್ಮೂರ ಮಿಷಿನ್ನು ಯಾವ ಸೆಟ್ಟಿಂಗಿನಲ್ಲಿ ಓಡುತ್ತಿದೆ? ಈ ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ಸರ್ಕಾರ ಆಗ ಬಿ.ಪಿ.ಎಲ್. ಕಾರ್ಡಿನವರಿಗೆ 1,500 ರೂಪಾಯಿ ಅಂತ ರೇಟು ಕಟ್ಟಿತು, ನಮಗೆ ಅಷ್ಟೇ ಸಾಕಾಯಿತು.

ಡೋಸು ಇಳಿಸಿದರೆ ಚಿತ್ರ ಕೆಡೋದಿಲ್ವೆ? ಸ್ವಲ್ಪ ಕೆಡುತ್ತದೆ. ಮಬ್ಬು ಬೆಳಕಲ್ಲಿ ತೆಗೆದ ಫೋಟೋದ ಹಾಗೆ ಚುಕ್ಕೆ ಚುಕ್ಕೆ. ಅರ್ಧಕ್ಕೆ ಇಳಿಸಿದರೆ ಆ ಚುಕ್ಕೆ ಸುಮಾರು 40 ಪರ್ಸೆಂಟ್ ಜಾಸ್ತಿ. ಇದನ್ನು ಒರೆಸಿ ಚೊಕ್ಕ ಮಾಡುವ ಲೆಕ್ಕಾಚಾರ ಈಗ ಕಂಪ್ಯೂಟರಿನಲ್ಲೇ ಇದೆ. ಅದೂ ಅಲ್ಲದೆ ಏನು ಹುಡುಕುತ್ತಿದ್ದೇವೆ ಅನ್ನೋದೇ ಮುಖ್ಯ. ಕಿಡ್ನಿ ಕಲ್ಲು ಬೆಳ್ಳಗೆ ಹೊಳೀತದೆ, ಚುಕ್ಕೆಗಳ ನಡುವೆಯೂ ಕಾಣ್ತದೆ. ಲಿವರಿನ ಸಣ್ಣ ಗಂಟು ಕಾಣೋದಿಲ್ಲ, ಅದಕ್ಕೆ ಡೋಸು ಬೇಕೇ ಬೇಕು. ಮಗುವಿಗೂ ನೂರು ಕೆ.ಜಿ. ಆಸಾಮಿಗೂ ಒಂದೇ ಅಳತೆ ಹಿಡಿಯುವುದು ತಪ್ಪು. ಕೈ ಮೇಲೆತ್ತಿ ಅಂತ ಟೆಕ್ನಿಷಿಯನ್ ಗದರುತ್ತಾನಲ್ಲ, ಅದೂ ಇದಕ್ಕೇ. ಎದೆ ಪಕ್ಕ ಕೈ ಇದ್ದರೆ ಡೋಸೂ ಹೆಚ್ಚು, ಚಿತ್ರವೂ ಕೊಳಕು.

ತೊಂದರೆ ಇರುವುದು ಇಲ್ಲಿ: ಡೋಸು ಹೆಚ್ಚಾದರೆ ಚಿತ್ರ ಚೆನ್ನಾಗೇ ಬರುತ್ತದೆ, ಹಾಗಾಗಿ ಯಾರೂ ದೂರುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಒಂದು ಬಗೆಯ ಮೆದುಳಿನ ಸ್ಕ್ಯಾನಿಗೆ ಸೆಟ್ಟಿಂಗು ತಪ್ಪಿ 206 ಜನಕ್ಕೆ ಎಂಟರಷ್ಟು ಡೋಸು ಬಿತ್ತು. 18 ತಿಂಗಳು ಯಾರಿಗೂ ಗೊತ್ತಾಗಲಿಲ್ಲ. 2009ರಲ್ಲಿ ರೋಗಿಯೊಬ್ಬರ ತಲೆಕೂದಲು ಉದುರಿದಾಗ ಬಯಲಾಯಿತು.

ತಲೆಗೆ ಪೆಟ್ಟು ಬಿದ್ದವನು ಡೋಸಿಗೆ ಹೆದರಿ ಸ್ಕ್ಯಾನ್ ಬೇಡ ಅಂದರೆ ಅದು ಮೂರ್ಖತನ. ಆದರೆ ಇಲ್ಲಿ ಮಾಡಿಸಿದ ಸಿ.ಟಿ. ಹಿಡಿದು ಬೆಂಗಳೂರಿಗೆ ಹೋದರೆ, 'ನಮ್ಮಲ್ಲೇ ಇನ್ನೊಂದು ಮಾಡಿಸಿ' ಅನ್ನುತ್ತಾರಲ್ಲ, ಆಗ ಯಾಕೆ ಅಂತ ಕೇಳಲೇಬೇಕು. ಹಳೇ ಫಿಲ್ಮು, ಸಿ.ಡಿ. ಎಸೆಯಬೇಡಿ.

ಕಳೆದ ತಿಂಗಳು ನನಗೂ ಕಲ್ಲಿನ ಸ್ಕ್ಯಾನು. ಕೌಂಟರಿನಲ್ಲಿ ಡೋಸು ಎಷ್ಟು ಬರೆದುಕೊಡಿ ಅಂದೆ. 'ಅದೆಲ್ಲ ನಿಮಗ್ಯಾಕೆ ಸಾರ್?' ಬಿಲ್ಲಿನಲ್ಲಿ ಕವರಿನ ಕಾಸೂ ಇತ್ತು, ಇದೊಂದಿರಲಿಲ್ಲ. ಒಳಗಿದ್ದ ಟೆಕ್ನಿಷಿಯನ್ ಹುಡುಗ ಮಾತ್ರ ಪರದೆಯ ಮೂಲೆಯಲ್ಲಿದ್ದ ಅಂಕಿ ತೋರಿಸಿ, ಫಿಲ್ಮಿನ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟ. ಅರ್ಧ ನಿಮಿಷ ಹಿಡಿಯಲಿಲ್ಲ.