ಒಂದೇ ಮರದ ಹಲವು ಬಣ್ಣ

ಶಿವಮೊಗ್ಗ, ಭದ್ರಾವತಿಗಳಲ್ಲಿ ಮನೆ ಕಟ್ಟಿಸುವ ನಮ್ಮ ಬಂಧುಗಳಲ್ಲಿ ಕೆಲವರು ಪೂಜಾಕೋಣೆಗೋ ಮಹಡಿಗೋ ಮರದ ಹಲಗೆಯ ನೆಲವನ್ನು ಹಾಕಿಸುತ್ತಾರೆ. ಮಲೆನಾಡಿಗೆ ಇದು ಹೊಸತಲ್ಲ. ಹಿರಿಯರ ಮನೆಗಳಲ್ಲಿ ಅಟ್ಟ, ಮಾಳಿಗೆಗಳ ನೆಲವೂ ಹಲಗೆಯದೇ ಆಗಿರುತ್ತಿತ್ತು. ಆದರೆ ಗೃಹಪ್ರವೇಶದ ಹೊತ್ತಿಗೆ ಒಂದು ದೂರು ಕೇಳಿಬರುತ್ತದೆ. ಎಲ್ಲವೂ ತೇಗವೆಂದು ಹಣ ತೆತ್ತಿದ್ದೇವೆ, ಒಂದು ಹಲಗೆ ಹೊಂಬಣ್ಣ, ಪಕ್ಕದ್ದು ಕಂದು, ಮತ್ತೊಂದರಲ್ಲಿ ಕಪ್ಪು ಗೆರೆ, ಬಡಗಿ ಬೇರೆ ಮರ ಬೆರೆಸಿದ್ದಾನೆ ಎಂದು. ಇಷ್ಟಕ್ಕೇ ಕೂಲಿಯನ್ನು ತಡೆಹಿಡಿಯುವವರೂ ಉಂಟು. ಬಾಚಿಕಾಯಕದ ಬಸವಯ್ಯನವರನ್ನು ಶರಣರ ಸಾಲಿನಲ್ಲಿ ನೆನೆಯುವ ನಾವು ಬಡಗಿಯ ಕೂಲಿಗೆ ಕೈ ಹಾಕುವ ಮುನ್ನ ಮರದ ಸ್ವಭಾವವನ್ನು ಅರಿಯಬೇಡವೆ?

ತೇಗದ ಬಣ್ಣ ಒಂದೇ ಆಗಿರುವುದು ಸಾಧ್ಯವೇ ಇಲ್ಲ. ಬೇಸಿಗೆ, ಮಳೆಗಳಿಗೆ ತಕ್ಕಂತೆ ಮರ ಬೆಳೆಯುತ್ತದೆ. ವರ್ಷದ ಉಂಗುರಗಳಲ್ಲಿ ಒಂದು ಭಾಗ ತೆಳು, ಇನ್ನೊಂದು ಗಾಢ. ಬೆಳೆದ ಮಣ್ಣು, ನೀರು, ಮರದ ವಯಸ್ಸುಗಳಿಗೆ ಅನುಸಾರವಾಗಿ ಒಳಗೆ ಸೇರುವ ಎಣ್ಣೆ ಮತ್ತು ಒಗರಿನ ಅಂಶಗಳೂ ಬೇರೆಯಾಗುತ್ತವೆ. ಒಂದೇ ದಿಮ್ಮಿಯನ್ನು ಸೀಳುವ ದಿಕ್ಕು ಬದಲಾದರೂ ಸಾಕು, ಒಂದು ಹಲಗೆಯಲ್ಲಿ ನೇರ ಗೆರೆ, ಇನ್ನೊಂದರಲ್ಲಿ ಬೆಟ್ಟದ ತುದಿಯಂತಹ ವಿನ್ಯಾಸ ಮೂಡುತ್ತದೆ. ಆಗತಾನೆ ಸೀಳಿದ ತೇಗದಲ್ಲಿ ಹಸಿರು ಛಾಯೆಯೂ ಕಪ್ಪು ಪಟ್ಟೆಯೂ ಕಂಡು ಗಾಬರಿಗೊಳ್ಳಬೇಕಾಗಿಲ್ಲ. ಬೆಳಕು, ಗಾಳಿ ತಗುಲಿದ ಕೆಲವು ವಾರ, ತಿಂಗಳುಗಳಲ್ಲಿ ಅವು ಬಹುಮಟ್ಟಿಗೆ ಹೊಂದಿಕೊಂಡು ಹೊಂಗಂದು ಬಣ್ಣಕ್ಕೆ ತಿರುಗುತ್ತವೆ. ಹಲಸಿನ ಮರವಂತೂ ಹಳದಿಯಿಂದ ಕೆಂಗಂದಿಗೆ ಸಾಗುವುದನ್ನು ನಮ್ಮ ಮನೆಗಳ ಬಾಗಿಲುಗಳಲ್ಲಿಯೇ ನೋಡಬಹುದು. ಶಿವಮೊಗ್ಗದ ಕೋಟೆಯ ಬಳಿ, ಕೆಳದಿಯ ಶಿವಪ್ಪನಾಯಕನ ಹೆಸರಿನ ಅರಮನೆಗೆ ಹೋದವರು ಅಲ್ಲಿನ ದಪ್ಪ ಮರದ ಕಂಬಗಳ ಬಳಿ ಒಮ್ಮೆ ನಿಂತು ನೋಡಲಿ. ವಸ್ತುಸಂಗ್ರಹಾಲಯದ ಶಿಲ್ಪಗಳಿಗೆ ಕೊಡುವ ಗಮನದಲ್ಲಿ ಅರೆಪಾಲನ್ನಾದರೂ ಅವುಗಳಿಗೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಆದರೆ ಎಲ್ಲ ವ್ಯತ್ಯಾಸವೂ ನಿರಪಾಯಕರವಲ್ಲ. ತೊಗಟೆಗೆ ಅಂಟಿದ ಬಿಳಿಯ ಪದರವೇ ಬೇರೆ, ಒಳಗಿನ ಚೇಗೇ ಬೇರೆ. ಬಿಳಿಯ ಭಾಗದಲ್ಲಿ ಹುಳುವಿಗೆ ಆಹಾರವಿರುತ್ತದೆ, ಅದು ಬೇಗ ಕುಟ್ಟೆಹಿಡಿಯುತ್ತದೆ. ಎಳೆಯ ನೆಡುತೋಪಿನ ಮರದಲ್ಲಿ ಅದರ ಪ್ರಮಾಣವೂ ಹೆಚ್ಚು. ಇದನ್ನು ಗಾಢ ಪಾಲಿಷಿನಿಂದ ಮುಚ್ಚಿ ಕೊಡುವುದು ಮಾತ್ರ ನಿಜವಾದ ಮೋಸ. ಆದ್ದರಿಂದ ಪಾಲಿಷ್ ಹಚ್ಚುವ ಮೊದಲೇ ಹಲಗೆಯ ಅಂಚುಗಳನ್ನು ಪರೀಕ್ಷಿಸಬೇಕು. ಹಳದಿ ಬಿಳುಪಿನ ಪಟ್ಟಿ ಅಂಚಿನುದ್ದಕ್ಕೂ ಸ್ಪಷ್ಟವಾಗಿ ಬೇರ್ಪಟ್ಟು ಕಂಡರೆ ಆ ಹಲಗೆಯನ್ನು ಹಿಂದಿರುಗಿಸಲು ಸಂಕೋಚ ಬೇಡ.

ಇನ್ನೊಂದು ಕಲೆ ಮನುಷ್ಯಕೃತ. ಭದ್ರಾವತಿಯವರಿಗೆ ಕಬ್ಬಿಣದ ಕಥೆಯನ್ನು ಹೇಳಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಾರ್ಖಾನೆಯ ಊದುಕುಲುಮೆ ಮೊದಲು ಉರಿದದ್ದೇ ನಮ್ಮ ಕಾಡುಗಳ ಮರದ ಇದ್ದಿಲಿನಿಂದ. ಅದೇ ಕಬ್ಬಿಣ ಮೊಳೆಯಾಗಿ ತೇವವುಳ್ಳ ಹಲಗೆಗೆ ಇಳಿದರೆ ಮರದ ಒಗರಿನೊಡನೆ ಕೂಡಿ ಸುತ್ತಲೂ ನೀಲಿಗಪ್ಪು ಕಲೆಯನ್ನು ಬಿಡುತ್ತದೆ. ಅದು ಮರದ ದೋಷವಲ್ಲ. ಚೆನ್ನಾಗಿ ಒಣಗಿದ ಹಲಗೆ, ಹಿತ್ತಾಳೆ ಅಥವಾ ತುಕ್ಕುಹಿಡಿಯದ ಉಕ್ಕಿನ ತಿರುಪುಮೊಳೆ, ಇವಿಷ್ಟಿದ್ದರೆ ಆ ತೊಂದರೆಯಿಲ್ಲ. ಮಳೆಗಾಲದ ತೇವದಲ್ಲಿ ಅವಸರದಿಂದ ನೆಲ ಹಾಸಿಸುವುದು ನಮಗೆ ಸರಿಕಾಣದು.

ಮನೆಯೊಡತಿಯರಿಗೆ ಒಂದು ಉಪಾಯ. ಮೊಳೆ ಹೊಡೆಯುವ ಮುನ್ನ ಹಲಗೆಗಳನ್ನೆಲ್ಲ ನೆಲದ ಮೇಲೆ ಸುಮ್ಮನೆ ಜೋಡಿಸಿ, ಬೇರೆ ಬೇರೆ ಕಟ್ಟುಗಳಿಂದ ಆಯ್ದು ಬೆರೆಸಿ ಹರಡಿರಿ. ಗಾಢವಾದವು ಒಂದೇ ಮೂಲೆಗೆ ಗುಂಪಾದರೆ ಮಾತ್ರ ಕಣ್ಣಿಗೆ ಚುಚ್ಚುತ್ತವೆ. ಒದ್ದೆಬಟ್ಟೆಯಿಂದ ಒಂದೆರಡನ್ನು ಒರೆಸಿದಾಗ ಕಾಣುವ ಬಣ್ಣವೇ ಎಣ್ಣೆ ಪಾಲಿಷಿನ ನಂತರದ ಬಣ್ಣಕ್ಕೆ ಸಮೀಪ. ನೆಲ ಮುಗಿದ ಮೊದಲ ಕೆಲವು ತಿಂಗಳು ಜಮಖಾನವನ್ನು ಒಂದೇ ಜಾಗದಲ್ಲಿ ಹಾಸಿಬಿಡಬೇಡಿ. ಅದರಡಿಯ ಮರಕ್ಕೆ ಬೆಳಕು ಸೋಕದೆ, ತೆಗೆದ ದಿನ ಜಮಖಾನದ ಆಕಾರವೇ ತೆಳುಬಣ್ಣದಲ್ಲಿ ಉಳಿದಿರುತ್ತದೆ.